ಗಾಡಿ ಚೋಕ್ ಹಾಕಿದ್ರೆ ಮಾತ್ರ ಓಡ್ತದಾ? ಕಾರ್ಬೊರೇಟರ್ ಮನೆಯಲ್ಲೇ ತೊಳೆಯೋದು

ನಾನು ಬೀದರ್ ಜಿಲ್ಲೆಯ ಹುಮನಾಬಾದ್ ಕಡೆಯವನು. ಕೆಲಸ ಗಚ್ಚಿಬೌಲಿ ಕಡೆ, ಮನೆ ಪಟಾನ್‌ಚೆರುವಿನಲ್ಲಿ. ಅಷ್ಟು ದೂರ ಯಾಕ್ರೀ ಅಂತ ಆಫೀಸಿನಲ್ಲಿ ಎಲ್ಲರೂ ಕೇಳ್ತಾರೆ. ಬಾಡಿಗೆ ಕಡಿಮೆ ಅನ್ನೋದು ಒಂದು ಕಾರಣ. ಇನ್ನೊಂದು, ಶುಕ್ರವಾರ ಸಂಜೆ ಬ್ಯಾಗ್ ಹಿಡಿದು ಹೊರಬಿದ್ದರೆ ಮುಂಬೈ ಹೈವೇ ಎದುರಿಗೇ ಇದೆ. ಸಂಗಾರೆಡ್ಡಿ, ಜಹೀರಾಬಾದ್ ದಾಟಿದರೆ ನಮ್ಮೂರ ಗಾಳಿ.

ಇವತ್ತು ಮಾತಾಡೋದು ಅಪ್ಪನ ಹಳೇ ಸ್ಪ್ಲೆಂಡರ್ ಬಗ್ಗೆ. ಅಪ್ಪನಿಗೆ ಮೊಣಕಾಲು ನೋವು ಶುರುವಾಗಿ ಕಿಕ್ ಹೊಡೆಯೋದು ನಿಂತಿತು. ಗಾಡಿ ಎಂಟು ತಿಂಗಳು ಅಂಗಳದಲ್ಲೇ ನಿಂತಿತ್ತು. "ಗುಜರಿಗೆ ಹಾಕಬ್ಯಾಡ, ನೀ ಒಯ್ದು ಓಡಸು ತಮ್ಮಾ" ಅಂದ್ರು. ಟೆಂಪೋದಲ್ಲಿ ಹಾಕಿಕೊಂಡು ಬಂದೆ. ಇಲ್ಲಿ ನೋಡಿದ್ರೆ, ಚೋಕ್ ಎಳೆದ್ರೆ ಸ್ಟಾರ್ಟ್, ಚೋಕ್ ಬಿಟ್ಟರೆ ಬಂದ್. ಒಂದು ಗ್ಯಾರೇಜಿನಲ್ಲಿ ಕಾರ್ಬೊರೇಟರ್ ಪೂರ್ತಿ ಬದಲಿಸಬೇಕು ಅಂದರು. ನನಗೆ ಅನುಮಾನ ಬಂತು. ದಿನಾ ಬಗ್ ಹುಡುಕೋ ಕೆಲಸ ಮಾಡೋನಿಗೆ ಇದು ಗೊತ್ತಾಗಲ್ವಾ ಅಂತ ಅಹಂಕಾರವೂ ಬಂತು.

ಮೊದಲು ಅದು ಮಾಡೋ ಕೆಲಸ ತಿಳ್ಕೊಳ್ಳಿ. ಎಂಜಿನ್ ಗಾಳಿ ಎಳ್ಕೊಳ್ಳುತ್ತೆ. ಕಾರ್ಬೊರೇಟರಿನ ನಡುವೆ ದಾರಿ ಕಿರಿದಾಗಿರೋದ್ರಿಂದ ಅಲ್ಲಿ ಗಾಳಿಯ ವೇಗ ಹೆಚ್ಚುತ್ತೆ, ಒತ್ತಡ ಇಳಿಯುತ್ತೆ. ಕೆಳಗಿನ ಬಟ್ಟಲಿನಲ್ಲಿರೋ ಪೆಟ್ರೋಲು ಜೆಟ್ ಅನ್ನೋ ಹಿತ್ತಾಳೆ ತೂತಿನ ಮೂಲಕ ಮೇಲೆ ಬಂದು ಗಾಳಿ ಜೊತೆ ಬೆರೆಯುತ್ತೆ. ಬಟ್ಟಲು ತುಂಬಿ ಹರಿಯದ ಹಾಗೆ ಒಂದು ಫ್ಲೋಟ್ ಕಾಯುತ್ತೆ, ನಮ್ಮ ಮನೆ ಮೇಲಿನ ನೀರಿನ ಟ್ಯಾಂಕಿನ ಬಾಲ್‌ಕಾಕ್ ಇದ್ದ ಹಾಗೆ. ಎರಡು ಜೆಟ್ ಇರ್ತವೆ. ಸ್ಲೋ ಜೆಟ್ ಐಡಲ್‌ಗೆ, ಮೇನ್ ಜೆಟ್ ಆಕ್ಸಿಲರೇಟರ್ ತಿರುವಿದಾಗ. ಸ್ಲೋ ಜೆಟ್ಟಿನ ತೂತು ಅರ್ಧ ಮಿಲಿಮೀಟರಿಗಿಂತ ಸಣ್ಣದು. ಗಾಡಿ ತಿಂಗಳುಗಟ್ಟಲೆ ನಿಂತರೆ ಪೆಟ್ರೋಲಿನ ಹಗುರ ಭಾಗ ಆರಿಹೋಗಿ ಅಂಟು ಉಳಿಯುತ್ತೆ. ಮೊದಲು ಕಟ್ಟಿಕೊಳ್ಳೋದು ಆ ಸಣ್ಣ ತೂತು.

ಈಗಿನ ಪೆಟ್ರೋಲಿನಲ್ಲಿ ಇನ್ನೊಂದು ವಿಷಯ ಇದೆ. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ಇ20 ಶುರುವಾಯ್ತಲ್ಲ, ಅಂದರೆ ಶೇಕಡ 20 ಎಥನಾಲ್. ಎಥನಾಲ್ ಗಾಳಿಯ ತೇವ ಎಳ್ಕೊಳ್ಳುತ್ತೆ. ನಿಂತ ಗಾಡಿಯಲ್ಲಿ ನೀರು ಬಟ್ಟಲಿನ ತಳಕ್ಕೆ ಇಳಿದು ಲೋಹ ತಿನ್ನುತ್ತೆ, ಹಳೇ ರಬ್ಬರ್ ಉಬ್ಬುತ್ತೆ. 2020ರ ಏಪ್ರಿಲ್‌ನಲ್ಲಿ ಬಿಎಸ್6 ಬಂದಮೇಲೆ ಹೆಚ್ಚಿನ ಬೈಕುಗಳು ಫ್ಯುಯೆಲ್ ಇಂಜೆಕ್ಷನ್‌ಗೆ ಹೋದವು. ಹಾಗಾಗಿ ನಾನು ಹೇಳ್ತಿರೋದು ಅದಕ್ಕಿಂತ ಹಳೇ ಗಾಡಿಗಳ ಕಥೆ. ಇಂಜೆಕ್ಷನ್ ಗಾಡಿ ಇದ್ದವರು ದಯವಿಟ್ಟು ಇದನ್ನ ನೋಡಿ ಸ್ಕ್ರೂಡ್ರೈವರ್ ಹಿಡೀಬೇಡಿ.

ಈಗ ನನ್ನ ತಪ್ಪುಗಳು. ಎರಡು ಮಾಡಿದೆ.

ಮೊದಲನೇದು ಜೀವಕ್ಕೇ ಬರ್ತಿತ್ತು. ಭಾನುವಾರ ಬೆಳಿಗ್ಗೆ ಅಡುಗೆಮನೆ ಪಕ್ಕದ ಯುಟಿಲಿಟಿಯಲ್ಲಿ, ಸ್ಟೀಲ್ ಡಬರಿಯಲ್ಲಿ ಪೆಟ್ರೋಲ್ ಹಾಕಿಕೊಂಡು ಭಾಗ ತೊಳೀತಾ ಕೂತಿದ್ದೆ. ಹೆಂಡತಿ ಚಹಾ ಇಡೋಕೆ ಬಂದವಳು ಲೈಟರ್ ಕೈಯಲ್ಲಿ ಹಿಡಿದೇ ನಿಂತುಬಿಟ್ಟಳು. "ರೀ, ಏನ್ ವಾಸನಿ ಇದು?" ವಾಸನೆ ಅವಳಿಗೆ ಬರದಿದ್ದರೆ? ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ನೆಲದ ಮೇಲೆ ಹರಿದು ಒಲೆ ಕಡೆ ಹೋಗುತ್ತೆ. ಫ್ರಿಜ್ಜಿನ ಸ್ವಿಚ್, ದೇವರ ದೀಪ, ಯಾವ ಕಿಡಿಯೂ ಸಾಕು. ಪಕ್ಕದ ರೂಮಿನಲ್ಲಿ ಮಗಳು ಮಲಗಿದ್ದಳು. ಇವತ್ತಿಗೂ ನೆನೆಸಿಕೊಂಡರೆ ಕೈ ತಣ್ಣಗಾಗುತ್ತೆ. "ಮನೆಯಲ್ಲೇ" ಅಂದ್ರೆ ಮನೆಯೊಳಗೆ ಅಲ್ಲ ಸ್ವಾಮಿ. ಸೆಲ್ಲಾರ್ ಪಾರ್ಕಿಂಗ್ ಕೂಡ ಬೇಡ, ಅಲ್ಲಿ ಗಾಳಿ ಆಡಲ್ಲ. ಹೊರಗೆ, ಬಯಲಿನಲ್ಲಿ, ತಣ್ಣಗಿನ ಎಂಜಿನ್ ಮೇಲೆ. ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ. ಕ್ಲೀನರ್ ಸ್ಪ್ರೇ ತೂತಿನಿಂದ ವಾಪಸ್ ಚಿಮ್ಮಿ ಕಣ್ಣಿಗೇ ಬರುತ್ತೆ.

ಎರಡನೇದು, ಸೂಜಿ. ಸ್ಲೋ ಜೆಟ್ ಕಟ್ಟಿಕೊಂಡಿದೆ ಅಂತ ಹೊಲಿಗೆ ಸೂಜಿ ಚುಚ್ಚಿ ತಿರುವಿದೆ. ಹಿತ್ತಾಳೆ ಮೆತ್ತಗೆ, ಸೂಜಿ ಗಟ್ಟಿ. ತೂತು ದೊಡ್ಡದಾಯ್ತು. ಗಾಡಿ ಸ್ಟಾರ್ಟ್ ಆಯ್ತು, ನಾನು ಕುಣಿದೆ. ವಾರದಲ್ಲಿ ಪ್ಲಗ್ ಕಾಡಿಗೆ ಹಾಗೆ ಕಪ್ಪು, ಮೈಲೇಜ್ ಪಾತಾಳಕ್ಕೆ. ಕೊನೆಗೆ ಅದೇ ನಂಬರಿನ ಹೊಸ ಜೆಟ್ ಹಾಕಿದೆ. ಜೆಟ್ ಮೇಲೆ ನಂಬರ್ ಕೊರೆದಿರ್ತಾರೆ, ಅದನ್ನ ಫೋಟೋ ತೆಗೆದುಕೊಂಡು ಅಂಗಡಿಗೆ ಹೋಗಿ.

ಸರಿಯಾದ ದಾರಿ ಹೀಗೆ. ಬಿಚ್ಚೋಕೆ ಮುಂಚೆ ಪ್ಲಗ್, ಏರ್ ಫಿಲ್ಟರ್, ಪೆಟ್ರೋಲ್ ಕಾಕ್, ಟ್ಯಾಂಕ್ ಮುಚ್ಚಳದ ಗಾಳಿ ತೂತು ನೋಡಿ. ಎಷ್ಟೋ ಸಲ ಅಲ್ಲೇ ಮುಗಿಯುತ್ತೆ. ಇಲ್ಲದಿದ್ದರೆ ಲಕ್ಷಣ ಓದಿ. ಚೋಕ್ ಹಾಕಿದ್ರೆ ಮಾತ್ರ ಓಡಿದರೆ ಅನುಮಾನ ಸ್ಲೋ ಜೆಟ್ ಮೇಲೆ. ಐಡಲ್ ಚೆನ್ನಾಗಿದ್ದು ಜೋರಾಗಿ ತಿರುವಿದಾಗ ಉಸಿರುಗಟ್ಟಿದರೆ ಮೇನ್ ಜೆಟ್. ಕೆಳಗಿನ ಪೈಪಿನಿಂದ ಪೆಟ್ರೋಲ್ ತೊಟ್ಟಿಕ್ಕಿದರೆ ಫ್ಲೋಟ್ ವಾಲ್ವ್.

ಕಾಕ್ ಬಂದ್ ಮಾಡಿ, ಡ್ರೈನ್ ಸ್ಕ್ರೂ ಸಡಿಲಿಸಿ ಬಟ್ಟಲು ಖಾಲಿ ಮಾಡಿ. ಅಳತೆಗೆ ಸರಿ ಕೂರೋ ಸ್ಕ್ರೂಡ್ರೈವರ್ ಬಳಸಿ, ಸ್ಕ್ರೂ ತಲೆ ಸವೆದರೆ ಇಡೀ ದಿನ ಹೋಯ್ತು. ಪ್ರತಿ ಹಂತಕ್ಕೂ ಒಂದು ಫೋಟೋ. ಏರ್ ಸ್ಕ್ರೂ ತೆಗೆಯೋಕೆ ಮುಂಚೆ ಮೆಲ್ಲಗೆ ಒಳಗೆ ತಿರುವಿ ಎಷ್ಟು ಸುತ್ತು ಹೋಯ್ತು ಅಂತ ಬರೆದಿಡಿ, ವಾಪಸ್ ಅಷ್ಟೇ ಸುತ್ತು ಬಿಚ್ಚಿಡಬೇಕು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಬದಲಿಸೋ ಮುಂಚೆ ಬ್ಯಾಕಪ್. ರಬ್ಬರಿನ ಓ ರಿಂಗ್, ರಬ್ಬರ್ ತುದಿಯ ಫ್ಲೋಟ್ ವಾಲ್ವ್ ಮೊದಲೇ ಬೇರೆ ಇಡಿ, ಕ್ಲೀನರ್ ತಾಗಿದರೆ ಉಬ್ಬಿ ಜಾಗದಲ್ಲಿ ಕೂರಲ್ಲ. ಉಳಿದ ಭಾಗಕ್ಕೆ ಕಾರ್ಬ್ ಕ್ಲೀನರ್ ಹೊಡೆದು ಹತ್ತು ನಿಮಿಷ ಬಿಡಿ, ಆಮೇಲೆ ಗಾಳಿ ಹೊಡೆಯಿರಿ. ಪಂಕ್ಚರ್ ಅಂಗಡಿಯ ಗಾಳಿ ಆದರೂ ನಡೀತದೆ. ಜೆಟ್ ಬೆಳಕಿಗೆ ಹಿಡಿದಾಗ ದುಂಡನೆ ಚುಕ್ಕಿ ಕಾಣಬೇಕು. ಕಾಣದಿದ್ದರೆ ಮತ್ತೆ ನೆನೆಸಿ, ಚುಚ್ಚಬೇಡಿ. ಜೋಡಿಸಿದ ಮೇಲೆ ಕಾಕ್ ಆನ್ ಮಾಡಿ ಐದು ನಿಮಿಷ ಸುಮ್ಮನೆ ನೋಡಿ. ಒಂದು ಹನಿ ಸೋರಿದರೂ ಸ್ಟಾರ್ಟ್ ಮಾಡಬೇಡಿ.

ತೊಳೆದ ಕೊಳೆ ಪೆಟ್ರೋಲನ್ನ ಮೋರಿಗೆ ಚೆಲ್ಲಬೇಡಿ, ಡಬ್ಬಿಯಲ್ಲಿ ಮುಚ್ಚಿ ಗ್ಯಾರೇಜಿಗೆ ಕೊಡಿ. ಪಟಾನ್‌ಚೆರುವಿನಲ್ಲಿ ಇರೋರಿಗೆ ಇದನ್ನ ಹೇಳಬೇಕಾಗಿಲ್ಲ. ಇಲ್ಲಿನ ಕಾರ್ಖಾನೆಗಳ ಕೊಳೆ ನಕ್ಕವಾಗು ಹಳ್ಳ ಸೇರಿದ ಕಥೆ ಸುಪ್ರೀಂ ಕೋರ್ಟಿನವರೆಗೂ ಹೋಗಿತ್ತು. ಆ ಹಳ್ಳ ಹೋಗಿ ಸೇರೋದು ಮಾಂಜ್ರಾ ನದಿಗೆ. ನಮ್ಮ ಬೀದರ್ ಸೀಮೆ ಹಾಯ್ದು ಬರೋ ಅದೇ ಮಾಂಜ್ರಾ.

ಇನ್ನು ಖರ್ಚು. ಜೆಟ್, ಓ ರಿಂಗ್, ಒಂದು ಕ್ಯಾನ್ ಕ್ಲೀನರ್, ಅಷ್ಟೇ. ಆದರೆ ಬಾಡಿ ಬಿರುಕು ಬಿಟ್ಟಿದ್ದರೆ, ಸ್ಲೈಡ್ ಸವೆದು ಅಲ್ಲಾಡ್ತಿದ್ದರೆ ತೊಳೆದು ಪ್ರಯೋಜನ ಇಲ್ಲ, ಬದಲಿಸಲೇಬೇಕು. ಮೆಕ್ಯಾನಿಕ್ ಹೇಳೋದೆಲ್ಲ ಸುಳ್ಳು ಅಂತ ನನ್ನ ಮಾತಿನ ಅರ್ಥ ಅಲ್ಲ. ಮುಂದೆ ಗಾಡಿ ಎರಡು ಮೂರು ವಾರಕ್ಕಿಂತ ಹೆಚ್ಚು ನಿಲ್ಲೋದಾದ್ರೆ ಕಾಕ್ ಬಂದ್ ಮಾಡಿ ಬಟ್ಟಲು ಖಾಲಿ ಮಾಡಿಡಿ. ಎರಡು ನಿಮಿಷದ ಕೆಲಸ.

ಎಲ್ಲ ಮುಗಿದ ದಿನ ಅಪ್ಪನಿಗೆ ಫೋನ್ ಹಚ್ಚಿ ಸ್ಪೀಕರ್ ಆನ್ ಮಾಡಿ ಎಂಜಿನ್ ಹತ್ತಿರ ಹಿಡಿದೆ. ಹೊಗಳ್ತಾರೆ ಅಂತ ಕಾಯ್ತಿದ್ದೆ. ಸ್ವಲ್ಪ ಹೊತ್ತು ಸುಮ್ಮನಿದ್ರು. ಆಮೇಲೆ, "ಐಡಲ್ ಜಾಸ್ತಿ ಅದ, ಒಂದೀಟು ಕಮ್ಮಿ ಮಾಡು" ಅಂದ್ರು. ನೂರು ಕಿಲೋಮೀಟರ್ ಆಚೆಯಿಂದ, ಫೋನಿನಲ್ಲಿ. ಅರ್ಧ ಸುತ್ತು ಇಳಿಸಿದೆ. "ಹಾಂ, ಈಗ ನನ್ನ ಗಾಡಿ" ಅಂದ್ರು.

ಕಿಟಕಿ ತೆಗೆದಿಟ್ಟರೆ ಸಾಲದು, ಹೊರಗೇ ಕೂತು ತೊಳೀರಿ.