ಪೈ ದಿನ ಯಾವತ್ತು?



ಕ್ಯಾಲೆಂಡರಿನಲ್ಲಿ ಕೆಂಪು ಅಕ್ಷರದಲ್ಲಿ ಅಚ್ಚಾಗದ, ಶಾಲೆಗೆ ರಜೆಯನ್ನೂ ಕೊಡದ ಕೆಲವು ಹಬ್ಬಗಳಿವೆ. ಅವು ಸರ್ಕಾರದ ಆಜ್ಞೆಯಿಂದ ಹುಟ್ಟಿದವಲ್ಲ, ಯಾರದೋ ತಮಾಷೆಯಿಂದ ಹುಟ್ಟಿದವು. ಅಮೆರಿಕದ ರಸಾಯನಶಾಸ್ತ್ರದ ಅಧ್ಯಾಪಕರು ಅಕ್ಟೋಬರ್ 23ರಂದು 'ಮೋಲ್ ದಿನ' ಆಚರಿಸುತ್ತಾರೆ. ಅದೂ ಬೆಳಗಿನ 6 ಗಂಟೆ 2 ನಿಮಿಷದಿಂದ ಸಂಜೆಯ 6 ಗಂಟೆ 2 ನಿಮಿಷದವರೆಗೆ! ಅವೊಗಾಡ್ರೊ ಸಂಖ್ಯೆ 6.02 ಗುಣಿಸು ಹತ್ತರ 23ನೇ ಘಾತ ಎಂಬುದನ್ನು ನೆನಪಿಸಿಕೊಂಡರೆ ಗುಟ್ಟು ತಿಳಿಯುತ್ತದೆ. 'ಸ್ಟಾರ್ ವಾರ್ಸ್' ಚಿತ್ರಗಳ ಅಭಿಮಾನಿಗಳಿಗೆ ಮೇ 4 ಹಬ್ಬ. ಚಿತ್ರದ ಒಂದು ಮಾತಿಗೂ ಇಂಗ್ಲಿಷಿನ ಆ ತಾರೀಖಿಗೂ ಇರುವ ಉಚ್ಚಾರದ ಹೋಲಿಕೆಯೇ ಅದಕ್ಕೆ ಕಾರಣ.

ಇವುಗಳಲ್ಲೆಲ್ಲ ಹೆಚ್ಚು ಹೆಸರಾದದ್ದು ಪೈ ದಿನ. ಯಾವ ವೃತ್ತವನ್ನೇ ತೆಗೆದುಕೊಳ್ಳಿ, ಅದರ ಪರಿಧಿಯನ್ನು ವ್ಯಾಸದಿಂದ ಭಾಗಿಸಿದರೆ ಬರುವ ಸಂಖ್ಯೆಯೇ ಪೈ: 3.14159 ಎಂದು ಆರಂಭವಾಗುತ್ತದೆ. ಅಮೆರಿಕನ್ನರು ತಾರೀಖು ಬರೆಯುವಾಗ ತಿಂಗಳನ್ನು ಮೊದಲು ಬರೆಯುತ್ತಾರೆ. ಆದ್ದರಿಂದ ಅವರಿಗೆ ಮಾರ್ಚ್ 14 ಎಂದರೆ 3/14. ಸ್ಯಾನ್ ಫ್ರಾನ್ಸಿಸ್ಕೋ ನಗರದ ಎಕ್ಸ್‌ಪ್ಲೊರೇಟೋರಿಯಂ ಎಂಬ ವಿಜ್ಞಾನ ಸಂಗ್ರಹಾಲಯದಲ್ಲಿದ್ದ ಲ್ಯಾರಿ ಷಾ ಎಂಬ ಭೌತವಿಜ್ಞಾನಿ 1988ರಲ್ಲಿ ಇದಕ್ಕೆ ನಾಂದಿ ಹಾಡಿದರು. ಸಹೋದ್ಯೋಗಿಗಳೆಲ್ಲ ಸೇರಿ ಅಲ್ಲಿನ ವೃತ್ತಾಕಾರದ ಜಾಗಕ್ಕೆ ಪ್ರದಕ್ಷಿಣೆ ಬಂದು, ಹಣ್ಣು ತುಂಬಿದ 'ಪೈ' ಎಂಬ ತಿನಿಸನ್ನು ತಿಂದರು. ಸಂಖ್ಯೆಗೂ ತಿನಿಸಿಗೂ ಅವರ ಭಾಷೆಯಲ್ಲಿ ಒಂದೇ ಉಚ್ಚಾರ. (ನಮ್ಮಲ್ಲಿ ಪೈ ಎಂದರೆ ಕರಾವಳಿಯ ಒಂದು ಕುಟುಂಬನಾಮ, ಇಲ್ಲವೇ ಅಜ್ಜಂದಿರ ಕಾಲದ ಚಿಲ್ಲರೆ ಕಾಸು.) ತಮಾಷೆ ಬೆಳೆಯಿತು. 2009ರಲ್ಲಿ ಅಮೆರಿಕದ ಪ್ರತಿನಿಧಿ ಸಭೆಯೇ ಈ ದಿನವನ್ನು ಬೆಂಬಲಿಸಿ ನಿರ್ಣಯ ಮಾಡಿತು. 2019ರಲ್ಲಿ ಯುನೆಸ್ಕೋ ಮಾರ್ಚ್ 14ನ್ನು ಅಂತರರಾಷ್ಟ್ರೀಯ ಗಣಿತ ದಿನವೆಂದು ಸಾರಿತು.

ಆದರೆ ನಾವು ತಾರೀಖನ್ನು ಹಾಗೆ ಬರೆಯುವವರಲ್ಲವಲ್ಲ! ನಮಗೆ ದಿನ ಮೊದಲು, ತಿಂಗಳು ಆಮೇಲೆ. 3/14 ಆಗಬೇಕಾದರೆ ವರ್ಷಕ್ಕೆ ಹದಿನಾಲ್ಕು ತಿಂಗಳು ಬೇಕು. ಹೋಗಲಿ, 31/4 ಎಂದು ಒಡೆಯೋಣವೆಂದರೆ ಏಪ್ರಿಲ್‌ಗೆ 31ನೇ ತಾರೀಖೇ ಇಲ್ಲ. ಹಾಗೆಂದು ನಿರಾಶರಾಗಬೇಡಿ. ನಮ್ಮ ರೀತಿಯಲ್ಲಿ ಬರೆದ ಜುಲೈ 22ನ್ನು ನೋಡಿ: 22/7! ದಿನ ಮೊದಲು ಬರೆಯುವವರು ಈ ದಿನವನ್ನು 'ಪೈ ಅಂದಾಜು ದಿನ' ಎನ್ನುತ್ತಾರೆ. ಮಾರ್ಚ್ 14 ಹೇಗೂ ನಿಮಗೆ ಪರೀಕ್ಷೆಯ ಕಾಲ.

'ಅಂದಾಜು' ಎಂಬ ಈ ಮಾತು ನನಗೆ ಬಹಳ ಹಿಡಿಸಿದೆ. ಅದಕ್ಕೆ ಕಾರಣವುಂಟು. ಪ್ರೌಢಶಾಲೆಯಲ್ಲಿದ್ದಾಗ ನಾನು ಒಂದು ಕಿರುಪರೀಕ್ಷೆಯಲ್ಲಿ 'ಪೈ ಭಾಗಲಬ್ಧ ಸಂಖ್ಯೆ, ಏಕೆಂದರೆ ಅದು 22/7' ಎಂದು ಧೈರ್ಯವಾಗಿ ಬರೆದು ಸೊನ್ನೆ ಪಡೆದಿದ್ದೆ. ಲೆಕ್ಕದಲ್ಲೆಲ್ಲ 22/7 ಹಾಕಿ ಎಂದವರೇ ಇಲ್ಲಿ ತಪ್ಪು ಎಂದರೆ ಏನು ನ್ಯಾಯ ಎಂದು ಅಂದು ನನಗೆ ಸಿಟ್ಟು ಬಂದಿತ್ತು. ನಿಮ್ಮಲ್ಲೂ ಹಲವರು ಹೀಗೇ ನಂಬಿರಬಹುದು.

22ನ್ನು 7ರಿಂದ ಭಾಗಿಸಿ ನೋಡಿ. 3.142857 ಬಂದು, ಮುಂದೆ 142857 ಎಂಬ ಆರು ಅಂಕಿಗಳೇ ಕೊನೆಯಿಲ್ಲದೆ ಮರಳಿ ಮರಳಿ ಬರುತ್ತವೆ. ಪೈಯಲ್ಲಿ ಇಂಥ ಆವರ್ತನೆ ಇಲ್ಲ. ಅದನ್ನು ಯಾವ ಭಿನ್ನರಾಶಿಯಾಗಿಯೂ ಬರೆಯಲಾಗದೆಂದು 1761ರಲ್ಲಿ ಲ್ಯಾಂಬರ್ಟ್ ಸಾಧಿಸಿ ತೋರಿಸಿದ. ಅದಕ್ಕೂ ಎಷ್ಟೋ ಶತಮಾನಗಳ ಹಿಂದೆ ಆರ್ಕಿಮಿಡೀಸ್ ವೃತ್ತದ ಒಳಗೂ ಹೊರಗೂ 96 ಭುಜಗಳ ಬಹುಭುಜಾಕೃತಿಗಳನ್ನು ಕಲ್ಪಿಸಿ, ಪೈ 22/7ಕ್ಕಿಂತ ಕಡಿಮೆ, 223/71ಕ್ಕಿಂತ ಹೆಚ್ಚು ಎಂದಿದ್ದ. ಅಂದರೆ 22/7 ಅವನಿಗೆ ಉತ್ತರವಲ್ಲ, ಬೇಲಿ. ನಮ್ಮ ಆರ್ಯಭಟನೂ ಕ್ರಿ.ಶ. 499ರ ಸುಮಾರಿಗೆ, 20000 ವ್ಯಾಸದ ವೃತ್ತಕ್ಕೆ 62832 ಪರಿಧಿ ಎಂದು ಹೇಳುವಾಗ 'ಆಸನ್ನ' ಎಂಬ ಪದವನ್ನು ಸೇರಿಸಿದ. ಆಸನ್ನ ಎಂದರೆ ಹತ್ತಿರದ್ದು.

ಎಷ್ಟು ಹತ್ತಿರ? ಒಂದು ಕಿಲೋಮೀಟರ್ ವ್ಯಾಸದ ದುಂಡನೆಯ ಕೆರೆಯನ್ನು ಊಹಿಸಿಕೊಳ್ಳಿ. ಅದರ ದಂಡೆಯ ಉದ್ದವನ್ನು 22/7ರಿಂದ ಲೆಕ್ಕ ಹಾಕಿದರೆ ಸುಮಾರು 1.26 ಮೀಟರ್ ಹೆಚ್ಚು ಬರುತ್ತದೆ. 3.14ರಿಂದ ಹಾಕಿದರೆ 1.59 ಮೀಟರ್ ಕಡಿಮೆ ಬರುತ್ತದೆ. ಗಮನಿಸಿದಿರಾ? ಜುಲೈ 22 ಮಾರ್ಚ್ 14ಕ್ಕಿಂತ ಪೈಗೆ ಹತ್ತಿರ! ಆರ್ಯಭಟನ ಲೆಕ್ಕದಲ್ಲಿ ವ್ಯತ್ಯಾಸ ಏಳೂವರೆ ಮಿಲಿಮೀಟರಿಗಿಂತಲೂ ಕಡಿಮೆ. ಅವನಿಗಿಂತ ಮುನ್ನೂರಕ್ಕೂ ಹೆಚ್ಚು ವರ್ಷಗಳ ನಂತರ, ಅಮೋಘವರ್ಷ ನೃಪತುಂಗನ ಕಾಲದಲ್ಲಿ 'ಗಣಿತಸಾರಸಂಗ್ರಹ' ರಚಿಸಿದ ಮಹಾವೀರಾಚಾರ್ಯ, ಸ್ಥೂಲ ಲೆಕ್ಕಕ್ಕೆ 3, ಸೂಕ್ಷ್ಮ ಲೆಕ್ಕಕ್ಕೆ ಹತ್ತರ ವರ್ಗಮೂಲ ಎಂದ. ಆ ಸೂಕ್ಷ್ಮ ಲೆಕ್ಕವೂ ನಮ್ಮ ಕೆರೆಯ ದಂಡೆಯನ್ನು ಇಪ್ಪತ್ತು ಮೀಟರಿಗೂ ಹೆಚ್ಚು ಉದ್ದ ಮಾಡಿಬಿಡುತ್ತದೆ. ಕಾಲ ಮುಂದೆ ಹೋದಂತೆಲ್ಲ ಲೆಕ್ಕವೂ ಮುಂದೆ ಹೋಗಿತೆಂದು ತಿಳಿಯುವುದು ಅವಸರದ ತೀರ್ಮಾನ.

ಬರುವ ಜುಲೈ 22ರಂದು ತರಗತಿಗೆ ಒಂದು ಊಟದ ತಟ್ಟೆ, ಒಂದು ಬಳೆ, ಒಂದು ಡಬ್ಬದ ಮುಚ್ಚಳ ತನ್ನಿ. ದಾರ ಸುತ್ತಿ ಪರಿಧಿಯನ್ನೂ, ಸ್ಕೇಲಿಟ್ಟು ವ್ಯಾಸವನ್ನೂ ಅಳೆದು ಭಾಗಿಸಿ. ಬಂದ ಉತ್ತರಗಳನ್ನೆಲ್ಲ ಕಪ್ಪುಹಲಗೆಯ ಮೇಲೆ ಸಾಲಾಗಿ ಬರೆಯಿರಿ. ಪಕ್ಕದವರ ಉತ್ತರ ನೋಡಿ ನಿಮ್ಮದನ್ನು ತಿದ್ದಬೇಡಿ. ಬಳೆಗೆ ಹೊರಗಿನಿಂದ ದಾರ ಸುತ್ತಿದರೆ ವ್ಯಾಸವನ್ನೂ ಹೊರ ಅಂಚಿನಿಂದಲೇ ಅಳೆಯಬೇಕು. ಮತ್ತೆ, ದಾರ ದಪ್ಪವಿದ್ದರೆ ಉತ್ತರ ತುಸು ಹೆಚ್ಚಾಗಿ ಬರುತ್ತದೆ. ಹೊಲಿಗೆಯ ತೆಳು ದಾರವನ್ನೇ ಆರಿಸಿಕೊಳ್ಳಿ.