ಕುಸುಬಿಯ ಹಾಲಿನ ಹುಗ್ಗಿ
(ಶಿರಹಟ್ಟಿ ಭಾಗದ ಒಕ್ಕಲುಮಕ್ಕಳ ಹಾಗೂ ಗೃಹಿಣಿಯರ ಸಭೆಯಲ್ಲಿ ಮಾಡಿದ ಭಾಷಣ)



ಒಕ್ಕಲುತನ ಖಾತೆಯ ಇನ್ಸ್ಪೆಕ್ಟರನು ಬಿತ್ತಿಗೆ, ಗೊಬ್ಬರ, ಕೀಟಗಳ ವಿಷಯವನ್ನು ಬಿಟ್ಟು ಅಡಿಗೆಮನೆಯ ಮಾತನ್ನು ಎತ್ತಿಕೊಂಡನೆಂದು ಕೆಲವರಿಗೆ ಆಶ್ಚರ್ಯವಾಗಬಹುದು. ಆದರೆ ಹೊಲದಲ್ಲಿ ಒಂದು ಬೆಳೆಯು ಉಳಿಯಬೇಕಾದರೆ ಅದಕ್ಕೆ ಒಲೆಯ ಮೇಲೆಯೂ ಸ್ಥಾನವಿರಬೇಕು. ಮನೆಯವರು ಉಣ್ಣುವುದನ್ನು ಬಿಟ್ಟ ಬೆಳೆಯನ್ನು ಒಕ್ಕಲಿಗನು ಬಹಳ ದಿನ ಬಿತ್ತುವುದಿಲ್ಲ. ನಮ್ಮ ಎರೆಭೂಮಿಯ ಕುಸುಬಿಗೆ ಈಗ ಬಂದಿರುವ ಗತಿ ಇದೇ ಆಗಿರುವುದರಿಂದ ಈ ದಿನ ಕುಸುಬಿಯ ಹಾಲನ್ನೂ, ಅದರಿಂದ ಮಾಡತಕ್ಕ ಹುಗ್ಗಿಯನ್ನೂ ಕುರಿತು ನಾಲ್ಕು ಮಾತು ಹೇಳಬೇಕೆಂದು ಬಂದಿದ್ದೇನೆ.

ಹಬ್ಬ ಬಂತೆಂದರೆ ಸಿಹಿ ಅಡಿಗೆಗೆ ಹಾಲು ಬೇಕು. ಆದರೆ ಎಷ್ಟು ಮನೆಗಳಲ್ಲಿ ಹೈನ ಉಂಟು? ಎಮ್ಮೆಯಿದ್ದರೂ ಅದು ಬತ್ತಿದ ಕಾಲವಿರುತ್ತದೆ. ಕರೆಯುವ ಎಮ್ಮೆಯಿದ್ದರೆ ಬೆಳಗಿನ ಹಾಲು ಡೇರಿಗೆ ಹೋಗಿ ಸಂತೆಯ ಖರ್ಚು ಅದರಿಂದಲೇ ನಡೆಯುತ್ತದೆ. ಹೀಗಾಗಿ ಹಬ್ಬದ ದಿನ ಮಗುವಿನ ಬಟ್ಟಲಿಗೆ ಹೋಗಬೇಕಾದ ಪಾವು ಹಾಲು ಪಾಯಸದ ಪಾತ್ರೆಗೆ ಬೀಳುತ್ತದೆ. ದೊಡ್ಡವರು ಸಿಹಿಯುಂಡರು, ಮಗು ಬರಿಯ ಚಹಾ ಕುಡಿಯಿತು ಎಂಬುದನ್ನು ನಾನು ತಿರುಗಾಟದಲ್ಲಿ ಅನೇಕ ಕಡೆ ಕಂಡಿದ್ದೇನೆ. ಇದಲ್ಲದೆ ಹಾಲು ಕುಡಿದರೆ ಹೊಟ್ಟೆಯುಬ್ಬರವಾಗಿ ಜಾಡಿಸುವ ಜನರೂ ನಮ್ಮಲ್ಲಿ ಕಡಿಮೆಯಿಲ್ಲ. ಹಾಲಿನಲ್ಲಿರುವ ಸಕ್ಕರೆಯನ್ನು ಜೀರ್ಣಿಸುವ ಶಕ್ತಿಯು ಬಾಲ್ಯ ಕಳೆದ ಮೇಲೆ ಬಹು ಜನರಲ್ಲಿ ಕುಗ್ಗುವುದೇ ಇದಕ್ಕೆ ಕಾರಣ. ಕುಸುಬಿಯ ಹಾಲಿನಲ್ಲಿ ಆ ಸಕ್ಕರೆಯಿಲ್ಲ.

ಕರಾವಳಿಯವರು ಪಾಯಸಕ್ಕೆ ತೆಂಗಿನ ಹಾಲನ್ನು ಹಿಂಡುತ್ತಾರೆ, ಯಾಕಂದರೆ ತೆಂಗು ಅವರ ಹಿತ್ತಲಲ್ಲಿದೆ. ನಮಗೆ ಕೊಬ್ಬರಿಯು ಪೇಟೆಯ ಪದಾರ್ಥ. ನಮ್ಮ ಹಿರಿಯರು ತಮ್ಮ ಹೊಲದಲ್ಲಿಯೇ ಹಾಲನ್ನು ಹುಡುಕಿಕೊಂಡರು. ಜೋಳದ, ಗೋಧಿಯ ಹೊಲಕ್ಕೆ ಅಕ್ಕಡಿ ಹಾಕಿದ ಕುಸುಬಿ, ಬದುವಿನಗುಂಟ ಮುಳ್ಳಿನ ಬೇಲಿಯಾಗಿ ನಿಂತು ದನಗಳನ್ನು ತಡೆಯಿತು. ಎಳೆಯ ಎಲೆ ರೊಟ್ಟಿಗೆ ಪಲ್ಯವಾಯಿತು. ಬೀಜ ಗಾಣಕ್ಕೆ ಹೋಗಿ ಎಣ್ಣೆಯಾಯಿತು. ಹಿಂಡಿ ಎತ್ತುಗಳಿಗೆ ಹೋಯಿತು. ಒಂದಿಷ್ಟು ಬೀಜ ಒರಳಿಗೆ ಬಿದ್ದು ಹುಗ್ಗಿಯ ಹಾಲಾಯಿತು. 1948ನೆಯ ಇಸವಿಯ ವರೆಗೆ ಲಕ್ಷ್ಮೇಶ್ವರವು ಮಿರಜ ಸಂಸ್ಥಾನದಲ್ಲಿ, ಶಿರಹಟ್ಟಿಯು ಸಾಂಗಲಿ ಸಂಸ್ಥಾನದಲ್ಲಿ, ಗದಗ-ಬೆಟಗೇರಿಯೂ ಮುಂಡರಗಿಯೂ ಧಾರವಾಡ ಜಿಲ್ಲೆಯಲ್ಲಿ ಇದ್ದವು. ಆಮೇಲೆ ಈ ನಾಲ್ಕೂ ಧಾರವಾಡ ಜಿಲ್ಲೆಯಲ್ಲಿ ಒಂದೇ ಕಡೆಗೆ ಬಂದು, 1997ರಲ್ಲಿ ಗದಗ ಜಿಲ್ಲೆಯಾದಾಗ ಅದಕ್ಕೆ ಸೇರಿದವು. ಕಂದಾಯ ತುಂಬುವ ಕಚೇರಿ ಬೇರೆಬೇರೆಯಾಗಿದ್ದ ಕಾಲದಲ್ಲಿಯೂ ಕುಸುಬಿಯ ಹುಗ್ಗಿಗೆ ಯಾವ ನಾಕೆಯೂ ಅಡ್ಡ ಬರಲಿಲ್ಲ.

ಇನ್ನು ಮಾಡುವ ಕ್ರಮಕ್ಕೆ ಬರೋಣ. ತಾಯಂದಿರಲ್ಲಿ ನನಗಿಂತ ಚೆನ್ನಾಗಿ ಬಲ್ಲವರು ಈ ಸಭೆಯಲ್ಲಿ ಇದ್ದೀರಿ. ಆದರೂ ಒಲೆಯ ಮುಂದೆ ಕೈ ಕಲಿತದ್ದಕ್ಕೆ ಕಾರಣವೇನೆಂದು ತಿಳಿದರೆ ಕೆಲಸ ಕೆಡುವುದು ಕಡಿಮೆ.

ಮೊಟ್ಟಮೊದಲು ಬೀಜದ ಆಯ್ಕೆ. ಇದೊಂದು ವಿಷಯದಲ್ಲಿ ನಾನು ಕಟ್ಟುನಿಟ್ಟಾಗಿ ಮಾತಾಡುವೆನು. ಬಿತ್ತುವುದಕ್ಕೆಂದು ಚೀಲದಲ್ಲಿ ಬಂದ, ಕೆಂಪು ಇಲ್ಲವೆ ನೀಲಿ ಬಣ್ಣ ಬಳಿದ ಬೀಜವನ್ನು ಯಾವ ಕಾರಣಕ್ಕೂ ಒರಳಿಗೆ ಹಾಕಕೂಡದು. ಅದಕ್ಕೆ ಥೈರಾಮ್, ಕ್ಯಾಪ್ಟಾನ್ ಮೊದಲಾದ ಬೂಷ್ಟುನಾಶಕ ವಿಷವನ್ನು ಲೇಪಿಸಿರುತ್ತಾರೆ. ಬಿತ್ತಿ ಉಳಿದದ್ದನ್ನು ಹಾಳು ಮಾಡುವುದೇಕೆಂದು ತೊಳೆದು ಉಪಯೋಗಿಸುವವರು ಉಂಟು. ತೊಳೆದರೆ ಬಣ್ಣ ಹೋದೀತು, ವಿಷವೆಲ್ಲ ಹೋಗುವುದೆಂಬ ನಂಬಿಗೆಯಿಲ್ಲ. ಅಂಥ ಬೀಜವನ್ನು ದನಕ್ಕೂ ಕೋಳಿಗೂ ಹಾಕಬೇಡಿರಿ. ಉಣ್ಣುವ ಕುಸುಬಿಯನ್ನು ಕಣದಲ್ಲಿಯೇ ಬೇರೆ ತೆಗೆದಿಟ್ಟು, ಬೇರೆ ಗಡಿಗೆಯಲ್ಲಿ ಇಡುವುದೇ ಸರಿಯಾದ ದಾರಿ.

ಬೀಜವು ಆ ವರ್ಷದ್ದೇ ಆಗಿರಲಿ. ನಾಲ್ಕು ಕಾಳನ್ನು ಹಲ್ಲಿನಲ್ಲಿ ಒಡೆದು ನೋಡಿ; ಕಮಟು ವಾಸನೆ ಬಂದರೆ ಬಿಟ್ಟುಬಿಡಿ. ಕುಸುಬಿಯ ಬೀಜದಲ್ಲಿ ನೂರಕ್ಕೆ ಸುಮಾರು 30 ಪಾಲು ಎಣ್ಣೆಯಿದೆ. ಆ ಎಣ್ಣೆಯಲ್ಲಿ ನೂರಕ್ಕೆ 70ಕ್ಕೂ ಮಿಕ್ಕಿ ಲಿನೋಲಿಕ್ ಎಂಬ ಆಮ್ಲವಿದ್ದು, ಗಾಳಿ ತಗಲಿದರೆ ಅದು ಬೇಗ ಕೆಡುತ್ತದೆ. ಸಿಪ್ಪೆಯ ಒಳಗಿರುವ ತನಕ ಎಣ್ಣೆ ಸುರಕ್ಷಿತ, ಒಡೆದ ಮೇಲೆ ಅಲ್ಲ. ಆದ ಕಾರಣ ಹಿಂದಿನ ದಿನ ಅರೆದಿಟ್ಟುಕೊಳ್ಳುವ ಜಾಣತನ ಇಲ್ಲಿ ನಡೆಯದು.

ಆರೇಳು ಜನರ ಮನೆಗೆ ಕಾಲು ಕಿಲೋ ಕುಸುಬಿ, ಅಷ್ಟೇ ಕುಟ್ಟಿದ ಗೋಧಿ, 300 ಗ್ರಾಮಿನಷ್ಟು ಬೆಲ್ಲ, ಒಂದು ಹಿಡಿ ಹೆಸರುಬೇಳೆ ಸಾಕು. ಕುಸುಬಿಯನ್ನು ಕೇರಿ, ಹರಳು ಆಯ್ದು, ನೀರಿಗೆ ಹಾಕಿದಾಗ ಮೇಲೆ ತೇಲುವ ಜೊಳ್ಳನ್ನು ಚೆಲ್ಲಿ, ಮೂರು ನೀರಿನಲ್ಲಿ ತೊಳೆದು, ನಾಲ್ಕೈದು ತಾಸು ನೆನೆಯಿಡತಕ್ಕದ್ದು. ಬಳಿಕ ಒರಳಿನಲ್ಲಿ ಸ್ವಲ್ಪಸ್ವಲ್ಪ ನೀರು ಚಿಮುಕಿಸುತ್ತ ರುಬ್ಬಬೇಕು. ಇಲ್ಲಿಯೇ ಕೈಯ ಹದ ಇರುವುದು. ಬೀಜದ ತೂಕದಲ್ಲಿ ಅರ್ಧಕ್ಕೆ ಸಮೀಪ ಸಿಪ್ಪೆಯೇ ಇರುತ್ತದೆ. ತಿರುಳು ಒಡೆದು ಹಾಲು ಬಿಡಬೇಕು, ಸಿಪ್ಪೆ ಮಾತ್ರ ಹಿಟ್ಟಾಗಬಾರದು. ಹಾಲು ತೆಗೆದುಳಿದ ಗಷ್ಟಿನಲ್ಲಿ ಕಹಿ ಕೊಡುವ ಒಂದು ದ್ರವ್ಯವೂ, ಹೊಟ್ಟೆಯನ್ನು ಸಡಿಲಿಸುವ ಇನ್ನೊಂದು ದ್ರವ್ಯವೂ ಇವೆಯೆಂದು ರಸಾಯನಜ್ಞರು ಕಂಡುಕೊಂಡಿದ್ದಾರೆ. ಕುಸುಬಿಯ ಹುಗ್ಗಿ ಹೆಚ್ಚು ಉಂಡರೆ ಕೆರೆಯ ದಾರಿ ಹಿಡಿಯಬೇಕಾಗುತ್ತದೆಂದು ಹಿರಿಯರು ನಗೆಯಾಡುತ್ತಿದ್ದುದು ಬರಿಯ ನಗೆಯಲ್ಲ. ವಿದ್ಯುತ್ತಿನ ಮಿಕ್ಸರಿನಲ್ಲಿ ಅರೆಯುವವರು ಒಂದೇ ಸಮನೆ ತಿರುಗಿಸದೆ, ಬಿಟ್ಟುಬಿಟ್ಟು ನಾಲ್ಕು ಸಲ ತಿರುಗಿಸಿ ನಿಲ್ಲಿಸಲಿ. ಒರಳಿನ ಹಾಲಿಗೂ ಮಿಕ್ಸರಿನ ಹಾಲಿಗೂ ಇರುವ ರುಚಿಯ ಅಂತರವು ಬಹುಮಟ್ಟಿಗೆ ಇದರಿಂದಲೇ ಬಂದದ್ದು.

ರುಬ್ಬಿದ್ದನ್ನು ತೆಳ್ಳಗಿನ ಅರಿವೆಯಲ್ಲಿ ಕಟ್ಟಿ ಹಿಂಡಿರಿ. ಮೊದಲ ಹಾಲು ದಪ್ಪ, ಅದನ್ನು ಪ್ರತ್ಯೇಕವಾಗಿಡಿ. ಗಷ್ಟಿಗೆ ಮತ್ತೆ ನೀರು ಹಾಕಿ ಕಲಸಿ ಹಿಂಡಿದರೆ ಎರಡನೆಯ ಹಾಲು, ಇನ್ನೊಮ್ಮೆ ಹಿಂಡಿದರೆ ಮೂರನೆಯದು. ಎಲ್ಲ ಸೇರಿ ಸುಮಾರು ಒಂದು ಲೀಟರಿನಷ್ಟಾದೀತು.

ಕುಟ್ಟಿದ ಗೋಧಿಯನ್ನೂ ಹೆಸರುಬೇಳೆಯನ್ನೂ ತೆಳುವಾದ ಹಾಲಿನಲ್ಲಿ, ಬೇಕಾದಷ್ಟು ನೀರು ಬೆರೆಸಿ, ಬೆರಳಿನಲ್ಲಿ ಹಿಚುಕಿದರೆ ಮೇಣದಂತಾಗುವ ತನಕ ಬೇಯಿಸತಕ್ಕದ್ದು. ಇದು ಮುಗಿಯುವ ಮೊದಲು ಬೆಲ್ಲ ಹಾಕಬಾರದು. ಬೆಲ್ಲ ಬಿದ್ದ ಮೇಲೆ ಕಾಳು ಮೆತ್ತಗಾಗುವುದಿಲ್ಲ. ಬೆಲ್ಲವನ್ನು ಬೇರೆ ಕರಗಿಸಿ, ಮರಳು ಕಸ ಸೋಸಿ ಹಾಕಿ, ಒಂದು ಕುದಿ ಬಂದ ಮೇಲೆ ಉರಿಯನ್ನು ತಗ್ಗಿಸಿರಿ. ಆಮೇಲೆ ದಪ್ಪ ಹಾಲನ್ನು ಸಣ್ಣ ಧಾರೆಯಾಗಿ ಹೊಯ್ಯುತ್ತ, ಸವುಟಿನ ಕೈ ನಿಲ್ಲಿಸದೆ ತಿರುವಬೇಕು. ಉರಿ ಹೆಚ್ಚಾದರೆ ಹಾಲು ಒಡೆದು ಗಟ್ಟಿಯಾದ ಭಾಗವು ಕಾಳುಕಾಳಾಗಿ ಬೇರೆಯಾಗುತ್ತದೆ, ನೀರು ಬೇರೆ ನಿಲ್ಲುತ್ತದೆ. ಭಯವಿದ್ದವರು ದಪ್ಪ ಹಾಲಿನಲ್ಲಿ ಒಂದು ಚಮಚೆ ಅಕ್ಕಿಯ ಹಿಟ್ಟನ್ನು ಗಂಟಿಲ್ಲದಂತೆ ಕಲಸಿಕೊಂಡು ಹೊಯ್ದರೆ ಹಿಟ್ಟು ಹಾಲನ್ನು ಹಿಡಿದಿಡುತ್ತದೆ. ಅಂಚಿನಲ್ಲಿ ಗುಳ್ಳೆಯೇಳುತ್ತಲೇ ಇಳಿಸಿ, ಯಾಲಕ್ಕಿ, ಒಣಶುಂಠಿ, ಚಿಟಿಕೆ ಜಾಜಿಕಾಯಿ, ಹುರಿದ ಗಸಗಸೆ ಹಾಕಿರಿ. ಕೊಬ್ಬರಿ ಇದ್ದರೆ ಸರಿ, ಇಲ್ಲದಿದ್ದರೆ ಕೊರತೆಯೇನೂ ಇಲ್ಲ. ಅದನ್ನು ಅಂದೇ ಉಂಡು ಮುಗಿಸಬೇಕು. ನಮ್ಮ ಬೇಸಗೆಯಲ್ಲಿ ಮರುದಿನಕ್ಕೆ ಹುಳಿಯಾಗುತ್ತದೆ.

ಹೆಸರುಬೇಳೆಯನ್ನು ಯಾಕೆ ಸೇರಿಸಿದೆನೆಂದು ಯಾರಾದರೂ ಕೇಳಬಹುದು, ಯಾಕಂದರೆ ಹಳೆಯ ಕ್ರಮದಲ್ಲಿ ಅದು ಎಲ್ಲರ ಮನೆಯಲ್ಲಿಯೂ ಇಲ್ಲ. ಕುಸುಬಿಯಲ್ಲಿ ಮೈಕಟ್ಟುವ ಪ್ರೋಟೀನು ಇದೆ. ಆದರೆ ಲೈಸಿನ್ ಎಂಬ ಅಂಶ ಅದರಲ್ಲಿ ಕಡಿಮೆ. ಗೋಧಿಯಲ್ಲಿಯೂ ಅದೇ ಅಂಶ ಕಡಿಮೆ. ಒಬ್ಬ ಬಡವನು ಇನ್ನೊಬ್ಬ ಬಡವನಿಂದ ಸಾಲ ಎತ್ತಿದಂತೆ ಇವೆರಡರ ಜೋಡಿ. ಬೇಳೆಯಲ್ಲಿ ಆ ಅಂಶ ಧಾರಾಳವಾಗಿದೆ.

ಈಗ ಇದಕ್ಕಿಂತ ಮಹತ್ವದ ಮಾತು. ಹೆಸರು ಹಾಲೆಂದಿದ್ದರೂ, ಬಣ್ಣ ಬಿಳಿದಾಗಿದ್ದರೂ ಇದು ಹಾಲಲ್ಲ. ಹಸುವಿನ ಹಾಲಿನ 100 ಗ್ರಾಮಿನಲ್ಲಿ ಸುಮಾರು 120 ಮಿಲಿಗ್ರಾಮು ಸುಣ್ಣದ ಅಂಶವಿದೆ. ಎಲುಬಿಗೆ ಅದು ಬೇಕು. ಕುಸುಬಿಯ ಹಾಲಿನಿಂದ ಅಷ್ಟನ್ನು ನಿರೀಕ್ಷಿಸಲಾಗದು. ಬಿ-12 ಎಂಬ ಜೀವಸತ್ವವಂತೂ ಬೀಜಗಳಲ್ಲಿ ಇರುವುದೇ ಇಲ್ಲ. ಆದ ಕಾರಣ ಎಮ್ಮೆ ಬತ್ತಿತೆಂದು ಕೂಸಿಗೆ ಕುಸುಬಿಯ ಹಾಲನ್ನು ಕುಡಿಸಿದರೆ ಹೊಟ್ಟೆ ತುಂಬಿದಂತೆ ಕಾಣುವುದು, ಮೈ ಮಾತ್ರ ಇಳಿಯುವುದು. ಅದರ ಜೊತೆಗೆ ಭೇದಿ ಹತ್ತಿದರೆ ಎಳೆಯ ಜೀವಕ್ಕೇ ಅಪಾಯ. ಆರು ತಿಂಗಳು ತುಂಬುವ ತನಕ ಕೂಸಿಗೆ ತಾಯಿಯ ಹಾಲಲ್ಲದೆ ನೀರೂ ಬೇಡ. ತಾಯಿಗೆ ಹಾಲು ಸಾಲದಿದ್ದರೆ ಊರಿನ ಆಶಾ ಕಾರ್ಯಕರ್ತೆಯನ್ನೋ ಆಸ್ಪತ್ರೆಯ ವೈದ್ಯರನ್ನೋ ಕೇಳಬೇಕೇ ಹೊರತು ಒರಳನ್ನಲ್ಲ. ನಾನು ಹೇಳುವ ಲೆಕ್ಕ ಇಷ್ಟೇ: ಮನೆಗೆ ಬಂದ ಪಾವು ಹಾಲು ಮಗುವಿಗೆ ಹೋಗಲಿ, ಹಬ್ಬದ ಹುಗ್ಗಿಗೆ ಕುಸುಬಿಯ ಹಾಲು ಬರಲಿ. ಅದಲುಬದಲು ಆಗಬಾರದು. ಹೊಟ್ಟೆ ಕೆಟ್ಟವರೂ ಈ ಹುಗ್ಗಿಯನ್ನು ಆ ದಿನದ ಮಟ್ಟಿಗೆ ಬಿಡುವುದು ಲೇಸು.

ಗಂಡಸರಿಗೂ ಒಂದು ಮಾತು. ಹುಗ್ಗಿ ಬೇಕೆಂದರೆ ಕುಸುಬಿಯನ್ನು ಬಿತ್ತಬೇಕು. ನಮ್ಮ ನೆರೆಯ ಅಣ್ಣಿಗೇರಿಯ ಸಂಶೋಧನ ಕ್ಷೇತ್ರದಿಂದ 1969ರಲ್ಲಿ ಹೊರಬಂದ ಎ-1 ಕುಸುಬಿಯು ದೇಶದಲ್ಲೆಲ್ಲ ಹೆಸರಾಯಿತು. ಅದೇ ಕ್ಷೇತ್ರದ ಅಣ್ಣಿಗೇರಿ ಕಡಲೆಯೂ ಹೆಸರಾಯಿತು. ಮುಂದೆ ಕಡಲೆಯೇ ಕುಸುಬಿಯನ್ನು ಹೊಲದಿಂದ ನೂಕಿತು! ಕಡಲೆಗೆ ಬೆಲೆಯಿದೆ, ಮುಳ್ಳಿಲ್ಲ, ಕೂಲಿಯವರು ಬೇಡವೆನ್ನುವುದಿಲ್ಲ. ಇತ್ತ ಅಗ್ಗದ ತಾಳೆಯೆಣ್ಣೆ ಬಂದು ಗಾಣವೂ ನಿಂತಿತು. ಇದರಲ್ಲಿ ಒಕ್ಕಲಿಗನ ತಪ್ಪನ್ನು ನಾನು ಎಣಿಸುವುದಿಲ್ಲ. ಇಡೀ ಹೊಲವನ್ನು ಕುಸುಬಿಗೆ ಕೊಡಿರೆಂದು ಹೇಳುವ ಧೈರ್ಯವೂ ನನಗಿಲ್ಲ. ಆದರೆ ಹಿಂಗಾರಿಯ ಜೋಳದಲ್ಲಿ, ಕಡಲೆಯಲ್ಲಿ ನಾಲ್ಕು ಅಕ್ಕಡಿ ಸಾಲುಗಳಿಗೆ ಯಾರ ಅಡ್ಡಿಯೂ ಇಲ್ಲ. ಕುಸುಬಿಯ ತಾಯಿಬೇರು ಆಳಕ್ಕೆ ಇಳಿದು, ಮೇಲಿನ ಎರೆ ಬಿರಿದ ಮೇಲೆಯೂ ಕೆಳಗಿನ ಹಸಿಯನ್ನು ಎತ್ತಿಕೊಳ್ಳುತ್ತದೆ. ಮಳೆ ಕೈಕೊಟ್ಟ ವರ್ಷ ಜೋಳ ಬಾಡಿದರೂ ಅದು ಏನಾದರೂ ಕೊಡುತ್ತದೆ. ಹೈನ ಬತ್ತುವುದೂ ಅಂಥ ವರ್ಷದಲ್ಲಿಯೇ ಎಂಬುದನ್ನು ನೆನೆಯಿರಿ.

ಉತ್ತರೆಯ ಕೊನೆಯಿಂದ ಚಿತ್ತೆಯ ಒಳಗೆ, ಅಂದರೆ ಸಪ್ಟಂಬರದ ಕಡೆಯ ಭಾಗದಿಂದ ಅಕ್ಟೋಬರದ ನಡುವಿನ ತನಕ ಬಿತ್ತಿರಿ. ತಡವಾದಷ್ಟೂ ಹೇನಿನ ಕಾಟ ಹೆಚ್ಚು. ಕೊಯ್ಲನ್ನು ಬೆಳಗಿನ ಇಬ್ಬನಿಯಲ್ಲಿಯೇ ಮುಗಿಸಿದರೆ ಮುಳ್ಳು ಮೆತ್ತಗಿರುತ್ತದೆ, ಕಾಳೂ ಉದುರುವುದಿಲ್ಲ. ಮುಳ್ಳು ಬೇಡವೆನ್ನುವವರಿಗೆ ಫಲಟಣದ ನಿಂಬಕರ ಸಂಸ್ಥೆಯವರು ನಾರಿ-6 ಎಂಬ ಮುಳ್ಳಿಲ್ಲದ ತಳಿಯನ್ನು ಮಾಡಿದ್ದಾರೆ. ಆದರೆ ಮುಳ್ಳಿಲ್ಲದ ಕುಸುಬಿಯು ಬದುವಿನ ಮೇಲೆ ಬೇಲಿಯ ಕೆಲಸಕ್ಕೆ ಬಾರದು, ದನಗಳಿಗೆ ಹಬ್ಬವಾದೀತು. ಬದುವಿಗೆ ಮುಳ್ಳಿನದು, ಹೊಲದೊಳಗಿನ ಅಕ್ಕಡಿಗೆ ಬೇಕಾದರೆ ಮುಳ್ಳಿಲ್ಲದ್ದು. ಬೀಜದ ವಿಚಾರವನ್ನು ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿಯೂ ಹುಲಕೋಟಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿಯೂ ವಿಚಾರಿಸಬಹುದು. ಬಂದ ಬೀಜದ ಚೀಲವನ್ನು ಅಡಿಗೆಮನೆಯಲ್ಲಿ ಇಡದೆ ಕೊಟ್ಟಿಗೆಯ ಅಟ್ಟದ ಮೇಲೆ, ಮಕ್ಕಳ ಕೈಗೆ ಎಟಕದಂತೆ ಇಡಿರಿ.