ಪಾರ್ಕಿನ್ಸನ್ ಕಾಯಿಲೆ ಮತ್ತು ರಾತ್ರಿಯ ನಿದ್ರೆ



ಪಾರ್ಕಿನ್ಸನ್ ಕಾಯಿಲೆ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ನಡುಗುವ ಕೈ. ಆದರೆ ಈ ಕಾಯಿಲೆಯ ಹಲವರನ್ನು ನಡುಕದಷ್ಟೇ ಕಾಡುವ ಇನ್ನೊಂದು ತೊಂದರೆಯಿದೆ. ಅದು ನಿದ್ರಾಭಂಗ. 1817ರಲ್ಲಿ ಈ ರೋಗವನ್ನು ವಿವರವಾಗಿ ವರ್ಣಿಸಿದ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್, ರೋಗ ಬಲಿತಂತೆ ನಿದ್ರೆ ಕೆಡುವುದನ್ನು ಆಗಲೇ ಗುರುತಿಸಿದ್ದರು.

ನಿದ್ರೆ ಕೆಡುವುದೇಕೆ? ಮಿದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕವನ್ನು ತಯಾರಿಸುವ ಜೀವಕೋಶಗಳು ಈ ರೋಗದಲ್ಲಿ ನಶಿಸುತ್ತ ಹೋಗುತ್ತವೆ. ಇದರಿಂದ ಸ್ನಾಯುಗಳು ಬಿಗಿಯಾಗುತ್ತವೆ, ಚಲನೆ ನಿಧಾನವಾಗುತ್ತದೆ. ನಾವು ನಿದ್ದೆಯಲ್ಲೇ ಸಲೀಸಾಗಿ ಮಗ್ಗುಲು ಬದಲಿಸುತ್ತೇವೆ. ರೋಗಿಗೆ ಅದೇ ಒಂದು ದೊಡ್ಡ ಕೆಲಸ. ಹಗಲಿನಲ್ಲಿ ನುಂಗಿದ ಮಾತ್ರೆಯ ಪ್ರಭಾವ ರಾತ್ರಿ ಇಳಿಯುತ್ತದೆ. ಮೂತ್ರಕ್ಕಾಗಿ ಪದೇ ಪದೇ ಏಳಬೇಕಾಗುತ್ತದೆ. ಮನಸ್ಸಿನ ಖಿನ್ನತೆಯೂ ಇದಕ್ಕೆ ಸೇರಿಕೊಳ್ಳುತ್ತದೆ.

ಹಾಗಾದರೆ ನಿದ್ರೆಮಾತ್ರೆ ಕೊಡಬಾರದೇ ಎಂದು ನೀವು ಕೇಳಬಹುದು. ವಯಸ್ಸಾದವರಲ್ಲಿ ಇಂಥ ಮಾತ್ರೆಗಳಿಂದ ಮಂಪರು, ಗೊಂದಲ, ಬೀಳುವ ಅಪಾಯ ಹೆಚ್ಚಾಗಬಹುದು. ನಡಿಗೆಯೇ ಅಸ್ಥಿರವಾದ ರೋಗಿಗೆ ಒಮ್ಮೆ ಬಿದ್ದು ಸೊಂಟದ ಮೂಳೆ ಮುರಿದರೆ ಮತ್ತೆ ಚೇತರಿಸಿಕೊಳ್ಳುವುದು ಕಷ್ಟ. ಆದ್ದರಿಂದ ಔಷಧಿಯಿಲ್ಲದ ಉಪಾಯಗಳನ್ನು ಮೊದಲು ನೋಡುವುದು ಜಾಣತನ.

ರಾತ್ರಿಯ ನಿದ್ರೆಗೆ ತಯಾರಿ ಬೆಳಿಗ್ಗೆಯೇ ಆರಂಭವಾಗಬೇಕು. ನಮ್ಮ ದೇಹದೊಳಗೊಂದು ಗಡಿಯಾರವಿದೆ. ಅದಕ್ಕೆ ಕೀಲಿ ಕೊಡುವುದು ಬೆಳಕು. 2017ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 31 ರೋಗಿಗಳು ಭಾಗವಹಿಸಿದ್ದರು. ದಿನಕ್ಕೆರಡು ಬಾರಿ ಒಂದೊಂದು ಗಂಟೆಯಂತೆ 14 ದಿನ ಪ್ರಖರ ಬೆಳಕಿಗೆ ಕುಳಿತವರಲ್ಲಿ ಹಗಲಿನ ತೂಕಡಿಕೆ ಕಡಿಮೆಯಾಗಿ ರಾತ್ರಿಯ ನಿದ್ರೆ ಸುಧಾರಿಸಿತು. ನಮ್ಮ ನಾಡಿನಲ್ಲಿ ಬಿಸಿಲಿಗೇನೂ ಬರವಿಲ್ಲ. ಅಜ್ಜನನ್ನು ಕತ್ತಲೆ ಕೋಣೆಯ ಮೂಲೆಯಲ್ಲಿ ಕೂರಿಸುವ ಬದಲು ಬೆಳಗಿನ ಹೊತ್ತು ಜಗಲಿಗೋ ಅಂಗಳಕ್ಕೋ ಕರೆತನ್ನಿ.

ಎರಡನೆಯದು ವ್ಯಾಯಾಮ. 2020ರಲ್ಲಿ ಪ್ರಕಟವಾದ ಅಲಬಾಮಾ ವಿಶ್ವವಿದ್ಯಾಲಯದ ಅಧ್ಯಯನವೊಂದರಲ್ಲಿ, ವಾರಕ್ಕೆ ಮೂರು ದಿನದಂತೆ 16 ವಾರ ಕಸರತ್ತು ಮಾಡಿದ ರೋಗಿಗಳ ನಿದ್ರೆ ಉತ್ತಮಗೊಂಡದ್ದು ಉಪಕರಣಗಳ ಅಳತೆಯಲ್ಲೇ ಕಂಡುಬಂತು. ಎಷ್ಟು ವ್ಯಾಯಾಮ ಸೂಕ್ತ ಎಂಬುದನ್ನು ವೈದ್ಯರು ನಿರ್ಧರಿಸಲಿ. ಜೊತೆಗೆ ನಡೆಯುವ ಕೆಲಸ ನಿಮ್ಮದಾಗಲಿ. ಮಧ್ಯಾಹ್ನದ ನಿದ್ದೆ ಅರ್ಧ ಗಂಟೆ ಮೀರದಿರಲಿ. ಸಂಜೆಯ ಕಾಫಿ ಬೇಡ. ನೀರನ್ನು ಹಗಲಿನಲ್ಲಿ ಧಾರಾಳವಾಗಿ ಕುಡಿದು, ರಾತ್ರಿ ಊಟದ ನಂತರ ಮಿತಗೊಳಿಸುವುದು ಒಳ್ಳೆಯದು.

ಇನ್ನು ಹಾಸಿಗೆಯ ವಿಚಾರ. ಭಾರವಾದ ಕಂಬಳಿ ಮೈಗೆ ಅಂಟಿ ಹೊರಳಲು ಬಿಡುವುದಿಲ್ಲ. ಹಗುರವಾದ ಹೊದಿಕೆ ಇರಲಿ. ಹಾಸಿಗೆಯ ನಡುಭಾಗದಲ್ಲಿ ಮಾತ್ರ ನುಣುಪಾದ ಬಟ್ಟೆಯನ್ನು, ಹಳೆಯ ರೇಷ್ಮೆ ಸೀರೆಯಾದರೂ ಸರಿ, ಬಿಗಿಯಾಗಿ ಹಾಸಿದರೆ ಮಗ್ಗುಲಾಗುವುದು ಸುಲಭ. ಅಂಚಿನಲ್ಲಿ ನುಣುಪು ಬೇಡ, ಏಳುವಾಗ ಜಾರೀತು. ಎದ್ದೊಡನೆ ರಕ್ತದೊತ್ತಡ ಇಳಿದು ತಲೆ ಸುತ್ತಬಹುದಾದ್ದರಿಂದ ಒಂದೆರಡು ನಿಮಿಷ ಕುಳಿತು ನಂತರ ನಿಲ್ಲಬೇಕು. ಶೌಚಾಲಯದ ದಾರಿಯಲ್ಲಿ ಮಂದವಾದ ದೀಪವಿರಲಿ. ಚಾಪೆ, ಚಪ್ಪಲಿ, ಶಾಲೆಯ ಚೀಲಗಳು ಬಿದ್ದಿರದಿರಲಿ.

ಕೆಲವು ರೋಗಿಗಳು ನಿದ್ದೆಯಲ್ಲಿ ಕೂಗುತ್ತಾರೆ, ಕೈಕಾಲು ಬೀಸಿ ಹೊಡೆಯುತ್ತಾರೆ. ಇದನ್ನು ಕಂಡು ದೆವ್ವ ಮೆಟ್ಟಿಕೊಂಡಿದೆ ಎಂದು ಹೆದರಬೇಕಾಗಿಲ್ಲ, ಸಿಟ್ಟೆಂದು ತಿಳಿಯುವುದೂ ಸಲ್ಲ. ಕನಸು ಕಾಣುವಾಗ ನಮ್ಮ ಸ್ನಾಯುಗಳನ್ನು ಮಿದುಳು ತಡೆದಿಡುತ್ತದೆ. ಇವರಲ್ಲಿ ಆ ತಡೆ ಸಡಿಲಗೊಂಡು, ಕನಸು ಕ್ರಿಯೆಯಾಗಿ ಹೊರಬರುತ್ತದೆ. ನಡುಕ ಕಾಣಿಸುವ ಹಲವು ವರ್ಷ ಮೊದಲೇ ಈ ಲಕ್ಷಣ ತೋರಬಹುದು. ಹಾಸಿಗೆ ತಗ್ಗಿನಲ್ಲಿರಲಿ, ಚೂಪಾದ ಗಾಜಿನ ವಸ್ತುಗಳು ದೂರವಿರಲಿ. ಆ ಹೊತ್ತಿನಲ್ಲಿ ಮೈ ಹಿಡಿದು ಅಲುಗಿಸದೆ ದೂರದಿಂದ ಮೆಲ್ಲಗೆ ಕರೆಯಿರಿ. ವೈದ್ಯರಿಗೆ ತಪ್ಪದೆ ತಿಳಿಸಿರಿ.

ಒಂದು ಎಚ್ಚರಿಕೆಯ ಮಾತು. ಇವೆಲ್ಲ ಚಿಕಿತ್ಸೆಗೆ ಪೂರಕವೇ ಹೊರತು ಬದಲಿಯಲ್ಲ. ಪಾರ್ಕಿನ್ಸನ್ ಮಾತ್ರೆಗಳನ್ನು ನಾವಾಗಿಯೇ ನಿಲ್ಲಿಸುವುದು ಅಪಾಯಕರ.

ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಇಂಥ ಹಿರಿಯರಿದ್ದರೆ, ಒಂದು ನೋಟ್ ಪುಸ್ತಕ ತೆಗೆದುಕೊಳ್ಳಿ. ಅವರು ಮಲಗಿದ ಹೊತ್ತು, ಎಷ್ಟು ಬಾರಿ ಎದ್ದರು, ಮಾತ್ರೆ ನುಂಗಿದ ವೇಳೆ, ಹಗಲು ಎಷ್ಟು ತೂಕಡಿಸಿದರು ಎಂಬುದನ್ನು ಎರಡು ವಾರ ಬರೆದಿಡಿ. "ನಿದ್ದೆಯೇ ಇಲ್ಲ" ಎಂಬ ಒಂದು ದೂರಿಗಿಂತ ಆ ಎರಡು ಪುಟಗಳು ವೈದ್ಯರಿಗೆ ಹೆಚ್ಚು ನೆರವಾಗುತ್ತವೆ. ಅವರ ಪಕ್ಕದಲ್ಲಿ ಮಲಗಿ ರಾತ್ರಿಯೆಲ್ಲ ಎಚ್ಚರವಿರುವ ಅಜ್ಜಿಗೋ ಅಮ್ಮನಿಗೋ ವಾರದಲ್ಲಿ ಒಂದೆರಡು ರಾತ್ರಿಯಾದರೂ ಬಿಡುವು ಸಿಗುವಂತೆ ನೋಡಿಕೊಳ್ಳಿ. ಆರೈಕೆ ಮಾಡುವವರಿಗೂ ನಿದ್ದೆ ಬೇಕಲ್ಲವೇ?